ಗೇಟ್ ಕಾಕಾ ಮಾಡದ ಸಹಿ

ಹೋದ ತಿಂಗಳು ಮೊರಬದಿಂದ ಬೈಕಿನ ಮೇಲೆ ಮರಳಿ ಬರುತ್ತಿದ್ದೆ. ರಸ್ತೆಯ ಬಾಜುವಿನ ಹೊಲದಲ್ಲಿ ಮೆಣಸಿನಕಾಯಿ ಒಣಹಾಕಿದ್ದರು. ಬಿಸಿಲಿಗೆ ಕಾದ ಕಾಯಿಯ ಘಾಟಿನ ಜೊತೆಗೆ ಇನ್ನೊಂದು ವಾಸನೆಯೂ ಮೂಗಿಗೆ ಬಡಿಯಿತು. ಕಾದ ಫ್ಲೆಕ್ಸಿನ ವಾಸನೆ. ಹನ್ನೆರಡು ವರ್ಷ ಅದೇ ವಾಸನೆಯಲ್ಲಿ ಕೂತು ಹೊಟ್ಟೆ ಹೊರೆದವನು ನಾನು. ಎಲ್ಲಿದ್ದರೂ ಗುರುತು ಹಿಡಿಯುತ್ತೇನೆ. ಗಾಡಿ ನಿಲ್ಲಿಸಿದೆ.

ಒಬ್ಬ ಹೆಣ್ಣುಮಗಳು ಬಾಗಿ ಕಾಯಿ ಹೊರಳಿಸುತ್ತಿದ್ದಳು. ಅವಳ ಕೈ ಸರಿದ ಕಡೆಯೆಲ್ಲ ಕೆಂಪು ರಾಶಿಯ ಕೆಳಗಿನಿಂದ ಒಂದು ಮುಖ ಚೂರು ಚೂರಾಗಿ ಹೊರಗೆ ಬಂತು. ಮೊದಲು ಒಂದು ಕಿವಿ, ಆಮೇಲೆ ಬಿಳಿ ಟೊಪ್ಪಿಗೆಯ ಅಂಚು, ಆಮೇಲೆ ಒಂದು ಕಣ್ಣು. ಬಣ್ಣ ಅರ್ಧಕ್ಕಿಂತ ಹೆಚ್ಚು ಹೋಗಿತ್ತು. ಆದರೂ…

"ಯಾರ ಫೋಟೋರೀ ಇದು?" ಗೊತ್ತಿದ್ದೂ ಕೇಳಿದೆ.

"ಯಾವನೋ ಇಲೆಕ್ಷನ್ನಿನವ ಇರಬೇಕ್ರಿ," ಅಂದಳು ಅವಳು, ತಲೆ ಎತ್ತದೆ. "ಹಾಳಿ ಮಾತ್ರ ಅಗದಿ ಗಟ್ಟಿ ಐತಿ ನೋಡ್ರಿ. ಹತ್ತು ವರ್ಷಾತು, ಇನ್ನೂ ಹರದಿಲ್ಲ."

ಗಟ್ಟಿ ಹಾಳೆಯೇ. ಅದನ್ನು ಮುದ್ರಿಸಿ ಕೊಟ್ಟವನು ನಾನು. ಆ ಮುಖದ ಮನುಷ್ಯನಿಗೆ ನಾನು ಮಾಡಿದ್ದನ್ನು ಅವತ್ತಿನತನಕ ಯಾರ ಮುಂದೆಯೂ ಪೂರ್ತಿ ಹೇಳಿರಲಿಲ್ಲ.

ಅವರು ನಮ್ಮ ಓಣಿಯವರು, ಬಾಜು ಮನೆಯವರು. ಮೂವತ್ತು ವರ್ಷಕ್ಕೂ ಮೇಲೆ ನೀರಾವರಿ ಇಲಾಖೆಯಲ್ಲಿ ಕಾಲುವೆಯ ಗೇಟು ಎತ್ತಿ ಇಳಿಸುವ ನೌಕರಿ ಮಾಡಿದವರು. ಊರಿಗೆ ಊರೇ ಅವರನ್ನು ಗೇಟ್ ಕಾಕಾ ಅನ್ನುತ್ತಿತ್ತು. ಅವರ ಸ್ವಂತ ಹೆಸರನ್ನು ನಾನು ಮೊದಲ ಸಲ ಕಾಗುಣಿತದ ಸಮೇತ ನೋಡಿದ್ದು ಅವರ ಚುನಾವಣೆಯ ಪೋಸ್ಟರ್ ಮಾಡುವಾಗಲೇ.

ನಮ್ಮ ಸೀಮೆಯ ಕಾಲುವೆ ನೋಡದವರಿಗೆ ಒಂದು ಮಾತು ಹೇಳಬೇಕು. ದೊಡ್ಡ ಕಾಲುವೆಯಿಂದ ಒಡೆದು ಬರುವ ಸಣ್ಣ ಕಾಲುವೆಗೆ ಒಂದು ತಲೆ ಇರುತ್ತದೆ, ಒಂದು ಬಾಲ ಇರುತ್ತದೆ. ತಲೆಯ ಕಡೆಯ ಊರುಗಳಿಗೆ ನೀರು ಮೊದಲು ಮುಟ್ಟುತ್ತದೆ. ಬಾಲದ ಕಡೆಯವರಿಗೆ ಉಳಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಉಳಿಯುವುದಿಲ್ಲ, ಯಾಕೆಂದರೆ ತಲೆಯ ಕಡೆಯ ದೊಡ್ಡ ಜಮೀನಿನವರು ಒಡ್ಡಿನ ಮಣ್ಣಿನೊಳಗೆ ಕಳ್ಳ ಪೈಪು ಕೂರಿಸಿರುತ್ತಾರೆ. ಇದು ಎಲ್ಲರಿಗೂ ಗೊತ್ತು. ಗೊತ್ತಿದ್ದೂ ಯಾರೂ ಆಡದ ಮಾತು.

ಕಾಕಾ ನೌಕರಿಯಲ್ಲಿದ್ದಷ್ಟು ಕಾಲ ತಮ್ಮ ಗೇಟಿನ ಮಟ್ಟಿಗೆ ಪಾಳಿ ತಪ್ಪಿಸಿದವರಲ್ಲ. ಒಂದು ವರ್ಷ ನಮ್ಮಪ್ಪನೇ ಹತ್ತಿಗೆ ಇನ್ನರ್ಧ ತಾಸು ನೀರು ಬಿಡು ಅಂತ ಕೇಳಿಕೊಂಡ. "ನಿಮ್ಮ ಪಾಳಿ ಮುಗೀತ್ರಿ," ಅಂದವರೇ ಕಾಕಾ ಹಿಡಿಕೆ ತಿರುವಿ ಗೇಟು ಇಳಿಸಿಬಿಟ್ಟರು. ಅಪ್ಪ ಎರಡು ವರ್ಷ ಅವರ ಜೊತೆ ಮಾತು ಬಿಟ್ಟ. ಮುಂದೆ ಅಪ್ಪ ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಮಲಗಿದಾಗ ಮೊದಲ ಬಸ್ಸಿಗೆ ಬಂದವರೂ ಅವರೇ. ಸಂಜೆಯವರೆಗೆ ಅಪ್ಪನ ಕಾಲ ಬಳಿ ಕೂತಿದ್ದರು. ಅಪ್ಪ ಅವತ್ತು ಅವರ ಕೈ ಹಿಡಿದುಕೊಂಡದ್ದು ನನಗೆ ನೆನಪಿದೆ.

ಅವರು ನಿವೃತ್ತರಾದ ಮೇಲೆ ತಾಲೂಕು ಪಂಚಾಯಿತಿ ಚುನಾವಣೆ ಬಂತು. ಪಕ್ಷದ ತಾಲೂಕು ಕಾರ್ಯದರ್ಶಿ ಅವರ ಮನೆಗೆ ಬಂದು ಕೂತ. ಇಸ್ತ್ರಿ ಮುರಿಯದ ಬಿಳಿ ಅಂಗಿ, ಎರಡು ಫೋನು, ಬಾಯಿ ತುಂಬ ನಗು. ಅವನು ಯಾವ ಪಕ್ಷದವನು ಅಂತ ಹೇಳುವುದಿಲ್ಲ. ಅಲ್ಲಿಂದ ಇಲ್ಲಿಯವರೆಗೆ ಎರಡು ಸಲ ಬದಲಿಸಿದ್ದಾನೆ, ಅಂಗಿ ಮಾತ್ರ ಅದೇ. "ಕಾಕಾರ, ನಿಮ್ಮ ಮುಖ ಅಂದ್ರ ನೀರು, ನೀರು ಅಂದ್ರ ವೋಟು," ಅಂದ. ಕಾಕಾಗೆ ಆ ಮಾತಿನಲ್ಲಿ ನೀರು ಎಂಬುದಷ್ಟೇ ಕೇಳಿಸಿರಬೇಕು. ಒಪ್ಪಿಕೊಂಡರು.

ಆಗ ನನ್ನ ಅಂಗಡಿ ಬಸ್ ಸ್ಟ್ಯಾಂಡಿನ ಎದುರಿಗಿತ್ತು. ಕರಪತ್ರ, ಪೋಸ್ಟರು, ಫ್ಲೆಕ್ಸು ಎಲ್ಲ ಅಲ್ಲೇ. ಹಿಂದಿನ ಕೋಣೆಯ ಗೋಡೆಗೆ ಹಳೆಯ ಗಾದಿ ಹೊಡೆದು, ಪ್ರಚಾರದ ಆಟೋಗಳಿಗೆ ಧ್ವನಿ ಮುದ್ರಣವನ್ನೂ ಮಾಡುತ್ತಿದ್ದೆ. ನನ್ನ ದನಿಗೆ ನಾಲ್ಕು ತಾಲೂಕಿನಲ್ಲಿ ಹೆಸರಿತ್ತು. ಪಕ್ಷದ ಕೆಲಸ ನನಗೇ ಬಂತು. ಕಾಕಾ ಫೋಟೋ ಕೊಡಲು ಬಂದವರು ಜೊತೆಗೊಂದು ಕಾಗದವನ್ನೂ ತಂದಿದ್ದರು. ಈ ಫೋಟೋ ಬಳಸಲು ನನ್ನ ಒಪ್ಪಿಗೆ ಇದೆ, ಅಂತ ತಾವೇ ಬರೆದು ಸಹಿ ಮಾಡಿದ್ದರು. ಸರ್ಕಾರಿ ನೌಕರಿ ಮಾಡಿದವರು. ಎಲ್ಲವೂ ಬರಹದಲ್ಲಿ ಇರಬೇಕು. ಹಿಡಿಕೆ ತಿರುವಿ ತಿರುವಿ ಅವರ ಬೆರಳು ದಪ್ಪಗಾಗಿದ್ದವು, ಸಹಿ ಮಾತ್ರ ಸಣ್ಣಗೆ, ದುಂಡಗೆ ಇತ್ತು. ಕೆಳಗೆ ಎರಡು ಚುಕ್ಕೆ. ನಾನು ನಕ್ಕು ಆ ಕಾಗದವನ್ನು ಡ್ರಾವರಿನಲ್ಲಿ ಹಾಕಿಟ್ಟೆ.

ಪಕ್ಷದ ಪ್ರಣಾಳಿಕೆಯೂ ನನ್ನಲ್ಲೇ ಮುದ್ರಣವಾಯಿತು. ನಮ್ಮ ತಾಲೂಕಿನಲ್ಲಿ ಅದನ್ನು ಪೂರ್ತಿ ಓದಿದವರು ಇಬ್ಬರೇ: ಕರಡು ತಿದ್ದಿದ ನಾನು, ಮತ್ತೆ ಕಾಕಾ. ಬರೆದವನೂ ಓದಿರಲಿಕ್ಕಿಲ್ಲ, ಹೋದ ಚುನಾವಣೆಯದನ್ನೇ ತೆಗೆದು ವರ್ಷ ಬದಲಿಸಿ ಕಳಿಸಿದ್ದರು. ಕಾಕಾ ಕನ್ನಡಕ ಏರಿಸಿ ಪೆನ್ಸಿಲ್ಲಿನಿಂದ ಗೆರೆ ಎಳೆಯುತ್ತ ಓದಿದರು. ಒಂದು ಕಡೆ ನಿಂತರು. ಗೆದ್ದ ಒಂದೇ ವರ್ಷದೊಳಗೆ ಕೊನೆಯ ಹೊಲದವರೆಗೂ ಹೊಳೆಯ ನೀರು ಹರಿಸುತ್ತೇವೆ, ಅಂತ ಬರೆದಿತ್ತು.

"ಇದು ಸುಳ್ಳ ಐತಲ್ಲೋ ತಮ್ಮಾ," ಅಂದರು.

ನಾನು ಏನೋ ತಮಾಷೆಯ ಮಾತಾಡಿ ಹಾರಿಸಿದೆ. ಪ್ರಣಾಳಿಕೆಯಲ್ಲಿ ಸುಳ್ಳು ಹುಡುಕುವವರು ಇನ್ನೂ ಇದ್ದಾರಲ್ಲ ಅಂತ ನನಗೆ ನಗು ಬಂದಿತ್ತು. ಅವರಿಗೆ ಬಂದಿರಲಿಲ್ಲ.

ಬಾಲದ ಕಡೆಯ ಊರೊಂದರಲ್ಲಿ ಮೊದಲ ಪ್ರಚಾರ ಸಭೆ ನಡೆಯಿತು. ಫೋಟೋ ತೆಗೆಯಲು ನಾನೂ ಹೋಗಿದ್ದೆ. ಕಾರ್ಯದರ್ಶಿ ಮುಕ್ಕಾಲು ತಾಸು ಮಾತಿನಲ್ಲೇ ನೀರು ಹರಿಸಿ ಕೂತ. ಆಮೇಲೆ ಕಾಕಾ ಎದ್ದು ನಿಂತರು. ಮೈಕಿನ ಹತ್ತಿರ ಬಂದು ಟೊಪ್ಪಿಗೆ ಸರಿಮಾಡಿಕೊಂಡರು. ಅವರು ಆಡಿದ್ದು ಐದು ನಿಮಿಷವೂ ಇರಲಿಕ್ಕಿಲ್ಲ.

"ಈಗ ಸಾಹೇಬ್ರು ಹೇಳಿದ್ರಲ್ರಿ, ಹೊಳಿ ನೀರು ವರ್ಷದಾಗ ಬರತೈತಿ ಅಂತ. ಬರಂಗಿಲ್ರಿ. ನಾ ಕಾಲುವಿ ಮ್ಯಾಲ ತಲಿ ಬೆಳ್ಳಗ ಮಾಡ್ಕೊಂಡವ ಅದೇನಿ. ಅದಕ್ಕಂತ ನನಗ ವೋಟ್ ಹಾಕಬ್ಯಾಡ್ರಿ. ನನ್ನ ಕೈಲೆ ಆಗೂದು ಎರಡ ಕೆಲಸ. ಕಾಲುವಿ ಹೂಳು ತೆಗಸೂದು, ಮ್ಯಾಲಿನ ಕಳ್ಳ ಪೈಪು ಬಂದ್ ಮಾಡಸೂದು. ಅದಕ್ಕ ಹಾಕೂದಿದ್ರ ಹಾಕ್ರಿ."

ಹಿಂದೆ ನಿಂತಿದ್ದ ಹೆಣ್ಣುಮಕ್ಕಳ ಗುಂಪಿನಿಂದ ಚಪ್ಪಾಳೆ ಶುರುವಾಯಿತು, ನಿಲ್ಲಲೇ ಇಲ್ಲ. ಕಾರ್ಯದರ್ಶಿಯ ನಗು ಮುಖದ ಮೇಲೆ ಹಾಗೆಯೇ ಅಂಟಿಕೊಂಡು ಒಣಗಿತ್ತು. ಕಳ್ಳ ಪೈಪಿನವರಲ್ಲಿ ಅರ್ಧ ಜನ ಅವನ ಪಕ್ಷದ ಮುಖಂಡರೇ ಆಗಿದ್ದರು.

ಇವತ್ತಿಗೇ ಕಾಕಾನ ರಾಜಕೀಯ ಮುಗಿಯಿತು ಅಂದುಕೊಂಡೆ. ನನಗೆ ಪಕ್ಷಗಳ ಜಾಣತನ ಆಗ ಗೊತ್ತಿರಲಿಲ್ಲ. ಮರುದಿನ ಬೆಳಿಗ್ಗೆ ಕಾರ್ಯದರ್ಶಿ ಅಂಗಡಿಗೆ ಬಂದವನು ಸಿಟ್ಟಿನಲ್ಲಿ ಇರಲಿಲ್ಲ, ಖುಷಿಯಲ್ಲಿದ್ದ.

"ಲೈನ್ ಬಿಟ್ಟು ಮಾತಾಡಿದವನ್ನ ಹೊರಗ ಹಾಕೂದು ದಡ್ಡರ ಕೆಲಸ," ಅಂದ. "ಅವನ್ನ ಮಾರಬೇಕು. ಎರಡು ನಮೂನಿ ಕರಪತ್ರ ಬರಿ."

ಬರೆದೆ. ಬಾಲದ ಕಡೆಯ ಊರುಗಳಿಗೆ ಒಂದು: ಸತ್ಯಕ್ಕಾಗಿ ಸ್ವಂತ ಪಕ್ಷಕ್ಕೇ ಸವಾಲು ಹಾಕಿದ ಗಂಡುಗಲಿ, ಇಂಥವರಿಗೂ ಜಾಗ ಕೊಡುವ ದೊಡ್ಡ ಮನಸ್ಸಿನ ಪಕ್ಷ. ತಲೆಯ ಕಡೆಯ ಊರುಗಳಿಗೆ ಇನ್ನೊಂದು: ನನ್ನ ಮಾತನ್ನು ವಿರೋಧಿಗಳು ತಿರುಚಿದ್ದಾರೆ, ನಾನು ಪಕ್ಷದ ಪ್ರಣಾಳಿಕೆಗೆ ಬದ್ಧ, ಯಾರ ಪೈಪಿಗೂ ಕೈ ಹಚ್ಚುವುದಿಲ್ಲ. ಎರಡರ ಮೇಲೂ ಅದೇ ಫೋಟೋ. ಒಂದೇ ಬಾಯಿಗೆ ನಾನು ಎರಡು ಮಾತು ತುರುಕಿದ್ದೆ. ಕೆಟ್ಟ ಬರಹವೇನಲ್ಲ; ಆ ದಿನ ನನಗೆ ನನ್ನ ಕೈಚಳಕದ ಬಗ್ಗೆ ಹೆಮ್ಮೆಯೂ ಇತ್ತು ಅಂತ ನಾಚಿಕೆ ಬಿಟ್ಟು ಬರೆಯುತ್ತಿದ್ದೇನೆ.

"ಎರಡನೇದಕ್ಕ ಸಹಿ ಬೇಕು," ಅಂದ ಕಾರ್ಯದರ್ಶಿ. "ಇಲ್ಲಂದ್ರ ಮ್ಯಾಲಿನ ಊರವರು ನಂಬಂಗಿಲ್ಲ."

ಕಾಕಾನ್ನ ಕೇಳಿದಿರೇನು ಅಂತ ನಾನು ಕೇಳಲಿಲ್ಲ. ಕೇಳಿದ್ದರೆ ಉತ್ತರ ಬರುತ್ತಿತ್ತು, ಉತ್ತರ ಬಂದಿದ್ದರೆ ನಾನು ಏನಾದರೂ ಮಾಡಬೇಕಾಗುತ್ತಿತ್ತು. ಡ್ರಾವರು ತೆಗೆದೆ. ಆ ಒಪ್ಪಿಗೆಯ ಕಾಗದವನ್ನು ಸ್ಕ್ಯಾನರಿನ ಮೇಲೆ ಇಟ್ಟೆ. ಸಹಿಯ ಸುತ್ತಲಿನ ಬಿಳಿಯನ್ನು ಕಂಪ್ಯೂಟರಿನಲ್ಲಿ ಅಳಿಸಿ, ಕೆಳಗಿನ ಎರಡು ಚುಕ್ಕೆಯೂ ತಪ್ಪದಂತೆ ಎತ್ತಿ, ಆ ಸುಳ್ಳಿನ ಕೆಳಗೆ ಕೂರಿಸಿದೆ. ಹತ್ತು ನಿಮಿಷದ ಕೆಲಸ…

ಒಂದು ವಾರ ಎಲ್ಲ ಸಲೀಸಾಗಿ ನಡೆಯಿತು. ಕೆಳಗಿನ ಊರುಗಳಲ್ಲಿ ಜನ ಕಾಕಾನ್ನ ಹೆಗಲ ಮೇಲೆ ಹೊತ್ತರು. ಪಕ್ಷದ ಕಾರ್ಯಕರ್ತರು, ನೋಡ್ರಿ ನಮ್ಮೊಳಗ ಎಷ್ಟು ಪ್ರಜಾಪ್ರಭುತ್ವ ಐತಿ, ಅಂತ ಎದೆ ಉಬ್ಬಿಸಿಕೊಂಡು ತಿರುಗಿದರು. ಸತ್ಯ ಹೇಳಿದ ಮನುಷ್ಯನನ್ನು ತೋರಿಸಿ, ಆ ಸತ್ಯವನ್ನು ಮಾತ್ರ ಕೈಬಿಡುವ ಈ ವಿದ್ಯೆಯನ್ನು ಅವರಿಗೆ ಯಾವ ಸಾಲಿಯಲ್ಲಿ ಕಲಿಸುತ್ತಾರೋ ನನಗೆ ತಿಳಿಯದು. ಕಾಕಾ ಮಾತ್ರ ತಮ್ಮ ಸೈಕಲ್ಲಿನ ಮೇಲೆ ಊರೂರು ತಿರುಗಿ ಹೂಳು ಎಲ್ಲೆಲ್ಲಿ ಎಷ್ಟು ತುಂಬಿದೆ ಅಂತ ಬರೆದುಕೊಳ್ಳುತ್ತಿದ್ದರು. ಗೆದ್ದ ಮರುದಿನವೇ ಕೆಲಸ ಶುರು ಮಾಡುವವರ ಹಾಗೆ.

ತಲೆಯ ಕಡೆಯ ಊರಿಗೆ ಅವರು ಹೋದ ದಿನ ಅಲ್ಲಿಯ ದೊಡ್ಡ ಜಮೀನಿನವನೊಬ್ಬ ಕೈ ಹಿಡಿದು, "ಪೈಪಿಗೆ ಕೈ ಹಚ್ಚಂಗಿಲ್ಲ ಅಂತ ಬರದು ಕೊಟ್ರಲ್ರಿ, ಉಪಕಾರ ಆತು," ಅಂದನಂತೆ. ಕರಪತ್ರ ತಂದು ತೋರಿಸಿದನಂತೆ.

ಕಾಕಾ ನೇರವಾಗಿ ನನ್ನ ಅಂಗಡಿಗೆ ಬಂದರು. ಎರಡೂ ಕರಪತ್ರಗಳನ್ನು ಮೇಜಿನ ಮೇಲೆ ಬಾಜು ಬಾಜು ಇಟ್ಟರು. ಮಧ್ಯಾಹ್ನದ ಬಿಸಿಲಲ್ಲಿ ಸೈಕಲ್ ತುಳಿದು ಬಂದು ಮುಖ ಕೆಂಪಗಾಗಿತ್ತು.

"ಸಹಿ ನಂದ ಐತಿ," ಅಂದರು. "ನಾ ಎಲ್ಲಿ ಮಾಡೇನೋ ಇದನ್ನ?"

"ಕಾರ್ಯದರ್ಶಿಗಳು ಹೇಳಿದ್ರರಿ… ನಿಮಗ ಗೊತ್ತೈತಿ ಅಂತ…" ಅಂದೆ. ಅದು ಸುಳ್ಳು. ಅವನು ಹಾಗೆ ಹೇಳಿರಲಿಲ್ಲ.

"ಗ್ವಾಡಿ ಆಚಿಗೆ ಇದ್ದೆನಲ್ಲೋ. ಒಂದು ಮಾತು ಕೇಳಬಾರದಿತ್ತ?"

ಅವರು ಬೈಯಲಿಲ್ಲ. ಬೈದಿದ್ದರೆ ನನಗೆ ಸಲೀಸಾಗುತ್ತಿತ್ತು. ಕುರ್ಚಿ ಎಳೆದು ಕೂತು, ಜೇಬಿನಿಂದ ಪೆನ್ಸಿಲ್ ತೆಗೆದು, ಒಂದು ಹಾಳೆಯ ಮೇಲೆ ನಾಲ್ಕು ಸಾಲು ಬರೆದರು. ಈ ಎರಡೂ ಕರಪತ್ರ ನನ್ನವಲ್ಲ, ಸಭೆಯಲ್ಲಿ ಆಡಿದ ಮಾತೇ ನನ್ನ ಮಾತು, ಅಂತ. "ಇದನ್ನ ಮುದ್ರಿಸಿ ಕೊಡು," ಅಂದರು.

ಮಷೀನು ಕೆಟ್ಟಿದೆ ಅಂದೆ. ಆಗ ಅವರ ಬೆನ್ನ ಹಿಂದೆಯೇ ಅದು ಸದ್ದು ಮಾಡುತ್ತ ಪಕ್ಷದ ಫ್ಲೆಕ್ಸು ಉಗುಳುತ್ತಿತ್ತು. ಕಾಕಾ ಒಮ್ಮೆ ತಿರುಗಿ ನೋಡಿದರು. ತಮ್ಮದೇ ಮುಖ ಹಣೆಯಿಂದ ಕೆಳಗೆ ನಿಧಾನವಾಗಿ ಇಳಿದು ಬರುತ್ತಿತ್ತು. ಎದ್ದು ಹೋದರು.

ಅವತ್ತಿನಿಂದ ಅವರು ಪಕ್ಷದ ಜೀಪು ಹತ್ತಲಿಲ್ಲ. ಸಂತಿ ನಡೆಯುವಲ್ಲಿ, ಬಸ್ಸು ನಿಲ್ಲುವಲ್ಲಿ, ಹಿಟ್ಟಿನ ಗಿರಣಿಯ ಮುಂದೆ ನಿಂತು ಎರಡೂ ಕರಪತ್ರ ಒಂದಾದ ಮೇಲೊಂದು ಗಟ್ಟಿಯಾಗಿ ಓದುತ್ತಿದ್ದರು. ಕೊನೆಗೆ, "ಇವೆರಡೂ ನನ್ನವಲ್ರಿ," ಅಂದು ಮಡಚಿ ಜೇಬಿಗಿಟ್ಟು ಮುಂದಿನ ಊರಿಗೆ ಹೋಗುತ್ತಿದ್ದರು. ಕೆಲವರು ಮರುಗಿದರು. ಹೆಚ್ಚಿನವರು ನಕ್ಕರು. ಮುದುಕನಿಗೆ ತಲೆ ತಿರುಗಿದೆ ಅಂದರು.

ಪಕ್ಷಕ್ಕೆ ಈಗ ಸರಕು ಕೆಟ್ಟುಹೋಗಿತ್ತು. ಮತಯಂತ್ರದಲ್ಲಿ ಅವರ ಹೆಸರಿನ ಮುಂದೆ ಪಕ್ಷದ ಚಿಹ್ನೆ ಆಗಲೇ ಕೂತುಬಿಟ್ಟಿತ್ತು, ಕೀಳಲು ಬರುವಂತಿರಲಿಲ್ಲ. ಹಾಗಾಗಿ ಅವರನ್ನು ಉಚ್ಚಾಟಿಸಿದರು. ತಲೆಯ ಕಡೆಯ ಜಮೀನುದಾರನೊಬ್ಬನ ಅಳಿಯ ಪಕ್ಷೇತರನಾಗಿ ನಿಂತಿದ್ದ, ಅವನಿಗೆ ಬೆಂಬಲ ಸಾರಿದರು. ಹೋದ ವಾರದ ಗಂಡುಗಲಿ ಈ ವಾರ ಪಕ್ಷದ್ರೋಹಿಯಾದರು. ಫೋಟೋ ಅದೇ, ಮೇಲಿನ ಅಕ್ಷರ ಬೇರೆ. ಅಷ್ಟರಲ್ಲಿ ಎದುರು ಪಕ್ಷದವರೂ ಓಡಿಬಂದರು. ಸ್ವಂತ ಅಭ್ಯರ್ಥಿಯೇ ಒಪ್ಪದ ಪಕ್ಷಕ್ಕೆ ನಿಮ್ಮ ಮತವೇ, ಅಂತ ಅವರದೂ ಒಂದು ಫ್ಲೆಕ್ಸು, ಅದರ ಮೇಲೂ ಕಾಕಾನ ಮುಖ. ಚುನಾವಣೆಯ ಕೊನೆಯ ನಾಲ್ಕು ದಿನ ಇಡೀ ಕ್ಷೇತ್ರದಲ್ಲಿ ಎಲ್ಲಿ ನೋಡಿದರೂ ಅವರೇ. ಅವರದಲ್ಲದ ಮಾತು ಹೊತ್ತ ಅವರ ಮುಖ. ಅವರಾಗಿ ಒಂದು ಚೀಟಿಯನ್ನೂ ಮುದ್ರಿಸಲಾಗಿರಲಿಲ್ಲ. ಎರಡೂ ಪಕ್ಷದ ಎಲ್ಲ ಕೆಲಸವನ್ನೂ ಮಾಡಿಕೊಟ್ಟವನು ನಾನೊಬ್ಬನೇ.

ಆಟೋದ ಘೋಷಣೆಗೂ ನನ್ನ ದನಿಯೇ ಬೇಕಾಯಿತು. "ಮತದಾರ ಬಾಂಧವರೇ, ಪಕ್ಷದ ಬೆನ್ನಿಗೆ ಚೂರಿ ಹಾಕಿದ ದ್ರೋಹಿಯನ್ನು ತಿರಸ್ಕರಿಸಿ…" ನಡುನಡುವೆ ಗಂಟಲು ಗದ್ಗದವಾಗುವಂತೆ ಓದಿದ್ದೆ. ಕಾರ್ಯದರ್ಶಿ ಬೆನ್ನು ತಟ್ಟಿದ್ದ.

ಧ್ವನಿ ಹೇಗೆ ಕೇಳಿಸುತ್ತದೆ ಅಂತ ನೋಡಲು ಒಂದು ದಿನ ಆಟೋದಲ್ಲಿ ಚಾಲಕನ ಬಾಜು ಕೂತು ಹೊರಟೆ. ಯಮನೂರಿನ ಕಡೆಗೆ ಹೋಗುವ ರಸ್ತೆಯಲ್ಲಿ ಕಾಕಾ ಎದುರಾದರು. ಆಟೋಗೆ ದಾರಿ ಬಿಡಲು ಸೈಕಲ್ಲಿನಿಂದ ಇಳಿದು ನಿಂತರು. ಚಾಲಕನಿಗೆ ಮುಜುಗರವಾಗಿ ಅವನೂ ನಿಲ್ಲಿಸಿಬಿಟ್ಟ. ಕಾಕಾ ಆ ಘೋಷಣೆಯನ್ನು ಮೊದಲಿನಿಂದ ಕೊನೆಯವರೆಗೆ ನಿಂತು ಕೇಳಿದರು. ದನಿ ಯಾರದೆಂದು ಅವರಿಗೆ ತಿಳಿಯದೇ ಇರುತ್ತದೆಯೇ… ನನ್ನ ಕಡೆ ನೋಡಲಿಲ್ಲ. ಚಾಲಕನ ಹತ್ತಿರ ಬಂದು, "ಸ್ವಲ್ಪ ಆವಾಜ್ ಕಡಿಮಿ ಮಾಡ್ಕೊಂಡು ಹೋಗಪಾ, ಮುಂದ ಸಾಲಿಯೊಳಗ ಹುಡುಗರು ಪರೀಕ್ಷಾ ಬರೀಲಿಕತ್ತಾರ," ಅಂದರು. ಸೈಕಲ್ ಹತ್ತಿ ಹೋದರು.

ಕಾಕಾ ಮೂರನೆಯವರಾಗಿ ಸೋತರು. ಬಾಲದ ಕಡೆಯ ಜನರೂ ಕೈಬಿಟ್ಟರು. ಪಕ್ಷವೇ ಹೊರಗೆ ಹಾಕಿದವನಿಗೆ ಹಾಕಿದ ವೋಟು ದಂಡ ಅಂದುಕೊಂಡರು. ಗೆದ್ದ ಅಳಿಯನನ್ನು ಪಕ್ಷ ತಿಂಗಳೊಪ್ಪತ್ತಿನಲ್ಲಿ ಹಾರ ಹಾಕಿ ಒಳಗೆ ಕರೆದುಕೊಂಡಿತು. ಪಕ್ಷದ ವಿರುದ್ಧವೇ ನಿಂತು ಗೆದ್ದವನಲ್ಲವೇ ಅಂತ ಯಾರೂ ಕೇಳಲಿಲ್ಲ. ಲೈನ್ ಬಿಟ್ಟವರಲ್ಲಿ ಗೆದ್ದವನಿಗೆ ಒಂದು ನ್ಯಾಯ, ಸತ್ಯ ಹೇಳಿದವನಿಗೆ ಒಂದು. ಕಾಲುವೆಯ ಹೂಳು ಇದ್ದಲ್ಲೇ ಇದೆ. ಆಮೇಲೆ ಆ ಚುನಾವಣೆಯೇ ಮತ್ತೆ ನಡೆದಿಲ್ಲ.

ನಾನು ಬಾಜು ಮನೆಯಲ್ಲೇ ಇದ್ದೆ. ಕಾಕಾ ದಿನಾ ಎದುರಾಗುತ್ತಿದ್ದರು, ನಮಸ್ಕಾರ ಅಂದರೆ ನಮಸ್ಕಾರ ಅನ್ನುತ್ತಿದ್ದರು. ಎರಡು ವರ್ಷದ ಮೇಲೆ ಮೊಮ್ಮಗಳ ಲಗ್ನಪತ್ರಿಕೆ ಮಾಡಿಸಲು ನನ್ನ ಅಂಗಡಿಗೇ ಬಂದರು. ಬೇರೆ ಅಂಗಡಿಗಳು ಇರಲಿಲ್ಲವೆಂದಲ್ಲ. ಕರಡು ತೆಗೆದು ಕೊಟ್ಟೆ. ನಿಧಾನವಾಗಿ ಓದಿ, ಬೀಗರ ಊರಿನ ಹೆಸರಿನಲ್ಲಿ ಒಂದು ಕಾಗುಣಿತ ತಿದ್ದಿದರು. ತಪ್ಪಿಲ್ಲವೆಂದು ಗಿರಾಕಿಯಿಂದ ಕರಡಿನ ಮೇಲೆ ಸಹಿ ತೆಗೆದುಕೊಳ್ಳುವುದು ನಮ್ಮ ಧಂದೆಯ ಪದ್ಧತಿ. ರೂಢಿಯ ಬಲದಿಂದ ಹಾಳೆಯನ್ನು ಅವರ ಕಡೆ ಸರಿಸಿದವನ ಕೈ ಅಲ್ಲೇ ನಿಂತುಹೋಯಿತು.

ಕಾಕಾ ಪೆನ್ನು ತೆಗೆದುಕೊಂಡರು. "ಕೊಡು ಇಲ್ಲೆ," ಅಂದರು. "ಈ ಸಲ ನಾನ ಮಾಡ್ತೇನಿ."

ಸಣ್ಣಗೆ, ದುಂಡಗೆ ಬರೆದು ಕೆಳಗೆ ಎರಡು ಚುಕ್ಕೆ ಇಟ್ಟರು. ಆಗ ನಾನು ಹೇಳಬೇಕಿತ್ತು. ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ. ನಾನು ಕಾಗದದ ಬಣ್ಣ ಯಾವುದಿರಲಿ ಅಂತ ಕೇಳಿದೆ.

ಮೂರು ವರ್ಷದ ಹಿಂದೆ ಕಾಕಾ ಹೋದರು. ಜ್ವರ ಅಂತ ಮಲಗಿದವರು ಏಳಲಿಲ್ಲ. ಮಣ್ಣು ಮಾಡಿದ ದಿನ ಓಣಿಯ ಬಾಯಿಗೆ ಪಕ್ಷದ್ದೊಂದು ಫ್ಲೆಕ್ಸು ಬಂತು: ಪಕ್ಷದ ಹಿರಿಯ ನಿಷ್ಠಾವಂತ ಕಾರ್ಯಕರ್ತರಿಗೆ ಭಾವಪೂರ್ಣ ಶ್ರದ್ಧಾಂಜಲಿ. ಉಚ್ಚಾಟನೆಯನ್ನು ಹಿಂದೆ ಪಡೆದವರು ಯಾರೂ ಇಲ್ಲ. ಸತ್ತವರು ಮೈಕು ಹಿಡಿಯುವುದಿಲ್ಲವೆಂಬ ಧೈರ್ಯ. ಅದನ್ನು ನಾನು ಮುದ್ರಿಸಲಿಲ್ಲ. ದೊಡ್ಡಸ್ತಿಕೆಯಿಂದಲ್ಲ, ಅಷ್ಟರಲ್ಲಿ ನನ್ನ ಮಷೀನು ನಿಜವಾಗಿಯೂ ಕೆಟ್ಟು, ಮಾರಿಬಿಟ್ಟಿದ್ದೆ.

ಮೊರಬದ ದಾರಿಯಿಂದ ಮನೆಗೆ ಬಂದ ಆ ಸಂಜೆ ಗಾಡಿ ನಿಲ್ಲಿಸಿದವನೇ ಬಾಜು ಮನೆಗೆ, ಕಾಕಾನ ಹೆಂಡತಿ ಕಾಕುನ ಹತ್ತಿರ ಹೋದೆ. ಕಾಕು ಪಡಸಾಲೆಯಲ್ಲಿ ಕೂತು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದರು. ನಾನು ಎದುರಿಗೆ ಕೂತು ಎಲ್ಲವನ್ನೂ ಹೇಳಿದೆ. ಸಹಿ ಎತ್ತಿದ್ದು, ಕಾರ್ಯದರ್ಶಿಯ ಮೇಲೆ ಹಾಕಿ ಸುಳ್ಳು ಹೇಳಿದ್ದು, ಮಷೀನು ಕೆಟ್ಟಿದೆ ಅಂದದ್ದು, ಆಟೋದ ದನಿ. ಹೇಳುತ್ತ ಹೇಳುತ್ತ ನನ್ನ ಕಣ್ಣಲ್ಲಿ ನೀರು ಬಂತು. ಕಾಕು ತಡೆಯದೆ ಕೇಳಿದರು. ಒಂದೆರಡು ಹರಳು ಆರಿಸಿ ಬಾಜುಕ್ಕೆ ಎಸೆದರು.

"ಇದನ್ನ ನನಗ್ಯಾಕ ಹೇಳ್ತಿ?" ಅಂದರು ಆಮೇಲೆ. ದನಿಯಲ್ಲಿ ಸಿಟ್ಟೂ ಇರಲಿಲ್ಲ, ಕರುಣೆಯೂ ಇರಲಿಲ್ಲ. "ಅವರಿದ್ದಾಗ ಹೇಳೂ ಮಾತು ಇದು. ಇಟ್ಕೊಂಡು ನಾ ಏನ್ ಮಾಡ್ಲಿ?"

ಕಾಕು ಮೊರವನ್ನು ತೊಡೆಯ ಮೇಲೆ ಎತ್ತಿಕೊಂಡು ಮತ್ತೆ ಕೇರತೊಡಗಿದರು. ನಾನು ಎದ್ದು ಬಂದೆ.